ಉಜ್ಜಕ್ಕ ಮತ್ತು ಕೆಂಪು ಕಾಳಿನ ಕಲ್ಲು

ಕೊಳೆ ಕಂಡರೆ ಉಜ್ಜಕ್ಕನ ಕೈ ಸುಮ್ಮನಿರುತ್ತಿರಲಿಲ್ಲ. ಪಕ್ಕದ ಮನೆಗೆ ಕೊಡೆ ಕೇಳಲು ಹೋದವಳು ಮಾತಾಡುತ್ತಾ ಆಡುತ್ತಾ ಅವರ ಗೇಟಿನ ಕಂಬಿಗಳನ್ನೆಲ್ಲ ಒರೆಸಿ, ಕೊಡೆ ಮರೆತು ವಾಪಸು ಬಂದದ್ದುಂಟು. ಬಸ್ಸಿನಲ್ಲಿ ಕೂತರೆ ತನ್ನ ಪಕ್ಕದ ಕಿಟಕಿಯ ಗಾಜನ್ನಷ್ಟೇ ಅಲ್ಲ, ಮುಂದಿನ ಸೀಟಿನವರ ಗಾಜನ್ನೂ ಒರೆಸುತ್ತಿದ್ದಳು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಸಂಬಳದ ಚೀಟಿಯವರನ್ನು ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ. ಗಂಡನ ಮಾತು ಕೇಳಬೇಕು. ಯಾರಾದರೂ ಬಾಗಿಲಲ್ಲಿ ನಿಂತು ಉಜ್ಜಕ್ಕ ಇದ್ದಾರಾ ಎಂದರೆ, "ಇದ್ದಾಳೆ, ಹುಷಾರಾಗಿ ಬನ್ನಿ, ನಿಮ್ಮನ್ನೂ ತೊಳೆದುಬಿಟ್ಟಾಳು" ಅನ್ನುವ ಪೈಕಿ ಅವನು.

ಸ್ವಭಾವಕ್ಕೆ ತಕ್ಕ ಕೆಲಸ ಸಿಗುವುದು ಎಷ್ಟು ಜನರಿಗೆ? ಅವಳಿಗೆ ಸಿಕ್ಕಿತ್ತು. ಊರಿನ ಮ್ಯಾಂಗನೀಸ್ ಗಣಿಯಲ್ಲಿ ಅವಳು ಕಲ್ಲು ತೊಳೆಯುವವಳು. ಅದಿರನ್ನು ಯಾರೂ ತೊಳೆಯುತ್ತಾ ಕೂರುವುದಿಲ್ಲ, ಅದು ಕಪ್ಪಗೆ ಲಾರಿ ತುಂಬಿಕೊಂಡು ಹೋಗುತ್ತದೆ. ಆದರೆ ಅದರ ಜೊತೆ ಮೇಲೆ ಬರುವ ಚಂದದ ಕಲ್ಲುಗಳಿರುತ್ತವಲ್ಲ, ಹರಳು ಮೂಡಿದವು, ಪಟ್ಟೆಪಟ್ಟೆಯಾಗಿ ಹೊಳೆಯುವವು, ಅವನ್ನು ಕಂಪನಿ ಬೇರೆ ತೆಗೆದಿಟ್ಟು ಶಾಲೆ ಕಾಲೇಜುಗಳಿಗೆ, ವಸ್ತುಸಂಗ್ರಹಾಲಯಗಳಿಗೆ ಪೆಟ್ಟಿಗೆ ಕಟ್ಟಿ ಕಳಿಸುತ್ತಿತ್ತು. ಗಾಜಿನ ಬೀರುವಿನಲ್ಲಿ ಕೂರಬೇಕಾದ ಕಲ್ಲು ಮೈತುಂಬ ಮಣ್ಣು ಮೆತ್ತಿಕೊಂಡು ಹೋದರೆ ಗಣಿಯ ಮಾನ ಏನಾದೀತು? ಅದಕ್ಕೆಂದೇ ತೊಳೆಯುವ ಶೆಡ್ಡು, ಅದಕ್ಕೆಂದೇ ಉಜ್ಜಕ್ಕ.

ಶೆಡ್ಡು ಗಣಿಯ ಬಾಯಿಯಿಂದ ಕೂಗಳತೆಯ ದೂರದಲ್ಲಿತ್ತು. ಮೂರು ಕಡೆ ಇಟ್ಟಿಗೆ ಗೋಡೆ, ನಾಲ್ಕನೆಯ ಕಡೆ ಬಟಾಬಯಲು, ತಲೆಯ ಮೇಲೆ ತಗಡಿನ ಶೀಟು. ಒಳಗೆ ಒಂದು ನಲ್ಲಿ, ಉದ್ದನೆಯ ಸಿಮೆಂಟು ಕಟ್ಟೆ, ಗೋಡೆಯ ಮೇಲೊಂದು ಗಡಿಯಾರ. ಕಲ್ಲನ್ನು ಮೊದಲು ನೀರಿನಲ್ಲಿ ನೆನೆಹಾಕಿ ಮಣ್ಣು ಬಿಡಿಸಬೇಕು, ಆಮೇಲೆ ಬ್ರಷ್ಷು, ಆಮೇಲೆ ಹುಳಿನೀರು. ಹುಳಿನೀರೆಂದರೆ ಹತ್ತು ಪಾಲು ನೀರಿಗೆ ಒಂದು ಪಾಲು ಆಸಿಡ್. ಇಲ್ಲಿಯ ಕಲ್ಲುಗಳ ಮೇಲೆ ಸುಣ್ಣದ ಬಿಳಿ ಪೊರೆ ಕೂತಿರುತ್ತದೆ. ಹುಳಿನೀರಿನ ತೊಟ್ಟಿಗೆ ಇಳಿಸಿದರೆ ಅದು ಬುಸುಬುಸನೆ ನೊರೆಯುಕ್ಕಿ ಕರಗಿ, ಒಳಗಿನ ಹರಳು ಹೊರಗೆ ಬರುತ್ತದೆ. ಬೆಳಿಗ್ಗೆ ಇಳಿಸಿ ಅವಳು ಬೇರೆ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬಂದು ಎತ್ತುತ್ತಿದ್ದಳು. ಎತ್ತಿದ್ದನ್ನು ಮೂರು ಸಲ ಶುದ್ಧ ನೀರಿನಲ್ಲಿ ಜಾಲಿಸಿ ಗೋಣಿಚೀಲದ ಮೇಲೆ ಹರಡುವಾಗ ಅವಳ ಮುಖ ನೋಡಬೇಕು, ಮಕ್ಕಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದ ತಾಯಿಯ ಹಾಗೆ. ಇಪ್ಪತ್ತೆರಡು ವರ್ಷ ಹೀಗೆ ತೊಳೆದಳು.

ಈ ತೊಳೆಯುವ ಕ್ರಮವನ್ನು ಅವಳಿಗೆ ಕಲಿಸಿದವರು ಗಣಿಯ ಪರೀಕ್ಷಕರು. ಅದಿರಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ ಹೇಳುವುದು ಅವರ ಕೆಲಸ. ತೆಳ್ಳನೆಯ ಆಳು, ಮಾತು ಕಡಿಮೆ, ಕೋಟಿನ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಶೆಡ್ಡಿಗೆ ಬಂದು, ಆ ವಾರ ತೊಳೆದ ಕಲ್ಲುಗಳ ಮುಂದೆ ಸ್ಟೂಲು ಎಳೆದುಕೊಂಡು ಕೂರುವರು. ಒಂದೊಂದನ್ನೇ ಎತ್ತಿ, ತಿರುಗಿಸಿ, ಕನ್ನಡಿಯಲ್ಲಿ ನೋಡಿ ಕೆಳಗಿಡುವರು. ಕೊನೆಯ ಕಲ್ಲು ಕೆಳಗಿಟ್ಟ ಮೇಲೆ ಉಜ್ಜಕ್ಕ ಕೇಳುವಳು, "ಇಲ್ವಾ ಸಾರ್?"

"ಇಲ್ಲಮ್ಮ."

ಅಷ್ಟೇ. ಕೊಡವಿಕೊಂಡು ಎದ್ದು ಹೋಗುವರು. ಒಂದು ವಾರವಾದರೂ ತಪ್ಪಿಸಿದವರಲ್ಲ.

ಅವರು ಹುಡುಕುತ್ತಿದ್ದುದು ಏನನ್ನು ಎಂದು ಗಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೇ ನಗುತ್ತಿದ್ದರು. ಶೆಡ್ಡು ಇನ್ನೂ ಕಟ್ಟಿರದ ಕಾಲದಲ್ಲಿ, ಕಲ್ಲುಗಳು ಮಣ್ಣುಮೈಯಲ್ಲೇ ಅವರ ಮೇಜಿಗೆ ಬರುತ್ತಿದ್ದ ದಿನಗಳಲ್ಲಿ, ಒಂದು ಕಲ್ಲಿನ ಬಿಳಿ ಪೊರೆಯ ನಡುವೆ ಅವರಿಗೆ ಕೆಂಪು ಕಾಳುಗಳು ಕಂಡವು. ಪರೀಕ್ಷಿಸಿದರೆ ಅದು ಮ್ಯಾಂಗನೀಸ್ ಆರ್ಸೆನೇಟ್ ಎಂಬ ಜಾತಿಯ ಖನಿಜ. ಮ್ಯಾಂಗನೀಸೂ ಆರ್ಸೆನಿಕ್ಕೂ ಆಮ್ಲಜನಕವೂ ಕೂಡಿ ನೆಲದಾಳದಲ್ಲಿ ಆದದ್ದು. ಆ ಜಾತಿಯಲ್ಲೂ ಇದು ತೀರ ಅಪರೂಪದ ಬಗೆ, ಇಡೀ ಲೋಕದಲ್ಲಿ ಎರಡೇ ಕಡೆ ಸಿಕ್ಕಿದ್ದು. ಪರೀಕ್ಷಕರು ಆ ಕಲ್ಲನ್ನು, ಯಾವ ಖನಿಜ ಎಲ್ಲೆಲ್ಲಿ ಸಿಗುತ್ತದೆ ಎಂಬ ಪಟ್ಟಿ ಇಡುವ ದೊಡ್ಡ ಸಂಸ್ಥೆಗೆ ಕಳಿಸಿದರು. ಪಟ್ಟಿಯವರು ಒಪ್ಪಿದರು. ಮೂರನೆಯ ಜಾಗವೆಂದು ಈ ಗಣಿಯ ಹೆಸರು ಅಚ್ಚಾಯಿತು. ಇನ್ನಷ್ಟು ಕಳಿಸಿ ಎಂದು ಅವರು ಬರೆಯುವ ಹೊತ್ತಿಗೆ ಶೆಡ್ಡು ಕಟ್ಟಿಯಾಗಿತ್ತು, ಪರೀಕ್ಷಕರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಸಿಗಲಿಲ್ಲ. ಒಂದು ಕಾಳೂ ಸಿಗಲಿಲ್ಲ.

ಕಳಿಸಿದ್ದ ಕಲ್ಲು ಪರೀಕ್ಷೆಗಳಲ್ಲೇ ಪುಡಿಯಾಗಿ ಮುಗಿದಿತ್ತು. ನಾಲ್ಕೈದು ವರ್ಷ ಕಾದ ಪಟ್ಟಿಯವರು, ನಿಮ್ಮ ಬೀರುವಿನಲ್ಲಿ ಬೇರೆ ಊರಿನ ಕಲ್ಲು ಬೆರೆತು ಹೋಗಿರಬೇಕು ಎಂದು ಬರೆದರು. ಅದರ ಮರುವರ್ಷ ಜಾಗದ ಹೆಸರನ್ನೇ ಹೊಡೆದುಹಾಕಿದರು. ದೂರದಲ್ಲಿ ಕುರ್ಚಿಯಲ್ಲಿ ಕೂತು ಒಬ್ಬ ಮನುಷ್ಯನ ಮಾತನ್ನು ಒಂದು ಗೀಟಿನಲ್ಲಿ ಸುಳ್ಳು ಮಾಡುವುದು ಎಷ್ಟು ಸುಲಭ ನೋಡಿ. ಇಲ್ಲಿಯವರೇನು ಕಡಿಮೆಯೇ? "ಸಾರ್, ನನ್ನ ಚಪ್ಪಲೀಲಿ ಒಂದು ಕೆಂಪು ಕಲ್ಲು ಸಿಕ್ಕಿದೆ, ನೋಡ್ತೀರಾ?" ಎಂದು ಕ್ಯಾಂಟೀನಿನಲ್ಲಿ ಕಿಚಾಯಿಸುವರು. ಪರೀಕ್ಷಕರು ಮಾತ್ರ ಮಂಗಳವಾರ ಬಂದರೆ ಸ್ಟೂಲು ಎಳೆದುಕೊಂಡು ಕೂತರು.

ಆ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಕಲ್ಲು ಕಳಿಸುವ ವ್ಯವಹಾರ ಸಾಕೆಂದು ಕಂಪನಿ ತೀರ್ಮಾನಿಸಿ, ತಿಂಗಳ ಕೊನೆಗೆ ಶೆಡ್ಡು ಕೆಡವುತ್ತೇವೆ ಎಂದಿತು. ಉಜ್ಜಕ್ಕನಿಗೆ ಕಚೇರಿಯಲ್ಲಿ ಬೇರೆ ಕೆಲಸ. ಇನ್ನೊಂದು, ಪರೀಕ್ಷಕರ ಎರಡು ಕಣ್ಣಿಗೂ ಪೊರೆ ಬಂತು. ಒಂದು ಮಂಗಳವಾರ ಅವರು ಕಲ್ಲನ್ನು ಎತ್ತಿ ಕನ್ನಡಿ ಹಿಡಿದು, ಬೆಳಕಿನ ಕಡೆ ತಿರುಗಿ, ಮತ್ತೆ ತಿರುಗಿ, ಕೊನೆಗೆ ಕನ್ನಡಿಯನ್ನು ಅವಳ ಕಡೆ ನೀಡಿದರು.

"ನನಗೆ ಕಾಣ್ತಿಲ್ಲ, ಉಜ್ಜಕ್ಕ. ನೀನು ನೋಡ್ತೀಯಾ? ಕೆಂಪು ಕಾಳು. ಅಕ್ಕಿಕಾಳಿಗಿಂತ ಚಿಕ್ಕದು."

ಇಪ್ಪತ್ತೆರಡು ವರ್ಷದಲ್ಲಿ ಆ ಕನ್ನಡಿ ಅವಳ ಕೈಗೆ ಬಂದದ್ದು ಅದೇ ಮೊದಲು. ಅವಳು ಒರೆಸಿಯೇ ಕಣ್ಣಿಗೆ ಹಿಡಿದಳು. ಕಲ್ಲಿನೊಳಗೆ ಒಂದು ಊರೇ ಇದ್ದಂತಿತ್ತು! ಗುಡ್ಡ, ಹಳ್ಳ, ಕಪ್ಪು ಕಂಬಗಳು. ನೋಡುತ್ತಾ ಕೂತವಳು ಉತ್ತರ ಹೇಳುವುದನ್ನೇ ಮರೆತಳು. ಆಮೇಲೆ ಹುಷಾರಾಗಿ ಒಂದೊಂದೂ ಕಲ್ಲು ನೋಡಿ, "ಇಲ್ಲ ಸಾರ್" ಎಂದಳು. ಪ್ರತಿ ವಾರ ತಾನು ಕೇಳಿಸಿಕೊಳ್ಳುತ್ತಿದ್ದ ಮಾತನ್ನು ಈಗ ತಾನೇ ಹೇಳಬೇಕಾಗಿ ಬಂದಿತ್ತು.

"ಸಾರ್, ಒಂದು ಕೇಳ್ಲಾ? ಸಿಕ್ಕಿದ್ರೂ ಅದೇ ಅಂತ ಗೊತ್ತಾಗೋದು ಹೇಗೆ? ಕೆಂಪು ಕಲ್ಲು ಎಷ್ಟಿಲ್ಲ?"

ಈ ಪ್ರಶ್ನೆಗೆ ಅವರ ಮುಖ ಅರಳಿತು. "ಸುಲಭ. ಒಂದು ಚೂರು ತಗೊಂಡು ಸೋಡಾಪುಡಿ ಜೊತೆ ಕೆಂಡದಂತೆ ಕಾಯಿಸಿದ್ರೆ ಹಸಿರಾಗುತ್ತೆ, ಅದು ಮ್ಯಾಂಗನೀಸ್. ಇನ್ನೊಂದು ಚೂರನ್ನ ಇದ್ದಿಲ ಮೇಲಿಟ್ಟು ಕೊಳವೆಯಿಂದ ಬೆಂಕಿ ಊದಿದ್ರೆ ಬೆಳ್ಳುಳ್ಳಿ ವಾಸನೆ ಬರುತ್ತೆ, ಅದು ಆರ್ಸೆನಿಕ್. ಕಣ್ಣು ಮೋಸ ಹೋದ್ರೂ ಮೂಗು ಹೋಗಲ್ಲ."

"ಬೆಳ್ಳುಳ್ಳಿ ವಾಸನೆನಾ?"

"ಅಪ್ಪಟ ಬೆಳ್ಳುಳ್ಳಿ. ಸತುವಿನ ಚೂರು, ಆಸಿಡ್ಡು ಸೇರಿಸಿದ್ರೂ ಬರುತ್ತೆ. ಆದ್ರೆ ಅದು ವಿಷದ ಗಾಳಿ, ಹಾಗೆ ಮಾಡಬಾರದು."

ಆ ವಾಸನೆ ಈ ಶೆಡ್ಡಿನಲ್ಲೇ ಒಮ್ಮೆ ಬಂದದ್ದು ಉಜ್ಜಕ್ಕನಿಗೆ ನೆನಪಾಯಿತು. ಕನ್ನಡಿಯನ್ನು ಮತ್ತೊಮ್ಮೆ ಒರೆಸಿ ಅವರ ಕೈಗೆ ಕೊಟ್ಟಳು.

ಅವಳು ಕೆಲಸಕ್ಕೆ ಸೇರಿ ಆರೇಳು ವರ್ಷವಾಗಿದ್ದಾಗ ಒಂದು ದಿನ ಹುಳಿನೀರಿನ ಪ್ಲಾಸ್ಟಿಕ್ ತೊಟ್ಟಿ ಸೀಳಿತ್ತು. ಹೊಸದು ಬರುವವರೆಗೆ ಕೆಲಸ ಯಾಕೆ ನಿಲ್ಲಬೇಕೆಂದು ಮೂಲೆಯಲ್ಲಿದ್ದ ತಗಡಿನ ಬಕೆಟ್ಟಿಗೆ ಹುಳಿನೀರು ಸುರಿದು ಕಲ್ಲು ಇಳಿಸಿದ್ದಳು. ಆ ಬಕೆಟ್ಟಿನ ಮೈಗೆ ಸತುವಿನ ಲೇಪವಿತ್ತು ಎಂಬುದು ಅವಳಿಗೆ ಆಗ ದೊಡ್ಡ ವಿಷಯವಲ್ಲ. ಸ್ವಲ್ಪ ಹೊತ್ತಿಗೆ ಶೆಡ್ಡಿನ ತುಂಬ ಬೆಳ್ಳುಳ್ಳಿ ವಾಸನೆ. ಗಂಡ ಊಟದ ಡಬ್ಬಿ ಬಿಚ್ಚಿಟ್ಟು ಹೋಗಿದ್ದಾನೆಂದು ಅವನನ್ನು ಬಾಯಿಗೆ ಬಂದಂತೆ ಬೈದಿದ್ದಳು. ಆಮೇಲೆ ಎರಡು ದಿನ ತಲೆನೋವು, ವಾಂತಿ, ಹಾಸಿಗೆ. ಹೊಸ ತೊಟ್ಟಿ ಬಂತು, ವಾಸನೆ ಹೋಯಿತು, ಅವಳು ಮರೆತಳು. ಈಗ ಎಲ್ಲ ಒಂದೇ ಏಟಿಗೆ ನೆನಪಾಯಿತು. ಅಂದರೆ ಆ ಬಕೆಟ್ಟಿನಲ್ಲಿ ಆರ್ಸೆನಿಕ್ ಇತ್ತು. ಕಲ್ಲಿನಿಂದಲೇ ಬಂದಿರಬೇಕು, ಇನ್ನೆಲ್ಲಿಂದ? ಕಲ್ಲಿನಲ್ಲಿದ್ದದ್ದು ನೀರಿಗೆ ಬಂತೆಂದರೆ ಕರಗಿತು ಎಂದೇ ಅರ್ಥ. ಯಾರು ಕರಗಿಸಿದವರು?

ಮನೆಗೆ ಹೋದವಳು ಗಂಡನ ಮುಂದೆ ಕೂತು ಎಲ್ಲ ಹೇಳಿದಳು. ಅವನು ಗಣಿಯೊಳಗಿನ ಆಳುಗಳನ್ನೂ ಕಲ್ಲನ್ನೂ ಹೊತ್ತ ಕೇಜನ್ನು ಇಳಿಸಿ ಏರಿಸುವ ಯಂತ್ರದವನು. ಯಾವ ದಿನ ನೆಲದೊಳಗಿನ ಯಾವ ಹಂತದಿಂದ ಏನು ಮೇಲೆ ಬಂತೆಂಬುದು ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು.

"ಅಂದ್ರೆ," ಎಂದ ಅವನು ನಿಧಾನಕ್ಕೆ, "ಅವರು ಹುಡುಕ್ತಿದ್ದಿದ್ದನ್ನ ನೀನು ದಿನಾ ಚರಂಡಿಗೆ ಬಿಡ್ತಿದ್ದೆ."

"ಹಾಗನ್ಬೇಡಿ ರೀ."

"ಇನ್ನು ಹೇಗನ್ಲಿ? ಯಾರಿಗಾದ್ರೂ ಹೇಳಿದ್ಯಾ? ಇಲ್ವಲ್ಲ. ಹಾಗಾದ್ರೆ ಬಾಯಿ ಮುಚ್ಕೊಂಡಿರು. ತಿಂಗಳು ಕಳೆದ್ರೆ ಶೆಡ್ಡೇ ಇರಲ್ಲ. ಕೆರೆದು ಹುಣ್ಣು ಮಾಡ್ಕೋಬೇಡ."

ಬಾಯಿ ಮುಚ್ಚಿಕೊಳ್ಳುವುದು ಒಂದು, ತಲೆ ಮುಚ್ಚಿಕೊಳ್ಳುವುದು ಇನ್ನೊಂದು. ಉಜ್ಜಕ್ಕನಿಗೆ ನಿಜವಾಗಿ ಕಾಡುತ್ತಿದ್ದುದು ಭಯಕ್ಕಿಂತ ಹೆಚ್ಚಾಗಿ ಕುತೂಹಲ. ಹೌದೋ ಅಲ್ಲವೋ? ನೋಡಿಯೇ ಬಿಡಬೇಕು. ನೋಡಬೇಕಾದರೆ ತೊಳೆಯದ ಕಲ್ಲು ಬೇಕು. ಆ ಮಾತು ಮನಸ್ಸಿಗೆ ಬಂದದ್ದೇ ಅವಳಿಗೆ ನಗುವೂ ಬಂತು, ಅಳುವೂ ಬಂತು. ಗಣಿಯ ಅಂಗಳದಲ್ಲಿ ತನ್ನ ಕೈ ತಾಗದ ಕಲ್ಲು ಎಲ್ಲಿದೆ? ಬಾಗಿಲಿಗೆ ಅಡ್ಡ ಇಟ್ಟದ್ದನ್ನೂ ತೊಳೆದಿದ್ದಳು, ಹೂವಿನ ಪಾತಿಗೆ ಅಂಚು ಕಟ್ಟಿದ್ದನ್ನೂ ತೊಳೆದಿದ್ದಳು.

ಎರಡು ದಿನ ಬಿಡುವು ಸಿಕ್ಕಾಗಲೆಲ್ಲ ಹೊರಗಿನ ಕಸದ ರಾಶಿಯಿಂದ ಕಲ್ಲು ತಂದು ಸುತ್ತಿಗೆಯಿಂದ ಒಡೆದಳು. ನಲವತ್ತು ಒಡೆದಳೋ ಐವತ್ತೋ. ಒಂದರಲ್ಲೂ ದಪ್ಪನೆಯ ಬಿಳಿ ಪೊರೆಯಿಲ್ಲ, ಕೆಂಪಿನ ಮಾತೆಲ್ಲಿ. ಗಂಡನನ್ನು ಕೇಳಿದರೆ ಅವನು, "ಅದೆಲ್ಲ ಈಗಿನ ಐದನೇ ಹಂತದ ಮಾಲು. ಬಿಳಿ ಪೊರೆ ದಪ್ಪಗೆ ಬರ್ತಿದ್ದಿದ್ದು ಮೂರನೇ ಹಂತದ ಪೂರ್ವದ ಸುರಂಗದಲ್ಲಿ. ಶೆಡ್ಡು ಕಟ್ಟೋಕೆ ಮುಂಚೆ ಶುರುವಾಗಿ, ಕಟ್ಟಿದ ಮೇಲೂ ಹತ್ತು ವರ್ಷ ನಡೀತು. ಆಮೇಲೆ ಅಲ್ಲಿ ನೀರು ತುಂಬ್ತು, ಬಿಟ್ಟುಬಿಟ್ರು" ಎಂದ. ಅಂದರೆ ಕೊನೆಯ ಹನ್ನೆರಡು ವರ್ಷ ಪರೀಕ್ಷಕರು ನೋಡಿದ್ದೆಲ್ಲ ಬರಿಯ ಬೇರೆ ಜಾಗದ ಕಲ್ಲು. ಅದಕ್ಕೂ ಮುಂಚಿನ ಹತ್ತು ವರ್ಷದ್ದು ಅವಳ ತೊಟ್ಟಿಯಲ್ಲಿ ಹೋಯಿತು. ಸುತ್ತಿಗೆ ಪಕ್ಕಕ್ಕಿಟ್ಟು ಅವಳು ಕಟ್ಟೆಯ ಮೇಲೆ ಸುಮ್ಮನೆ ಕೂತುಬಿಟ್ಟಳು.

ಆಗ ಗಾಳಿ ಬೀಸಿತು. ತಲೆಯ ಮೇಲೆ ತಗಡಿನ ಶೀಟು ಧಡಧಡ ಅಂದಿತು, ಆದರೆ ಹಾರಲಿಲ್ಲ. ಯಾಕೆ ಹಾರಲಿಲ್ಲ? ಮೇಲೆ ಕಲ್ಲು ಹೇರಿದ್ದಾರಲ್ಲ! ಶೆಡ್ಡು ಕಟ್ಟಿದ ದಿನ ಬಡಗಿ, ಶೀಟು ಎದ್ದು ಹೋಗದಿರಲೆಂದು ಗಣಿಯ ಬಾಯಲ್ಲಿ ಬಿದ್ದಿದ್ದ ಹನ್ನೊಂದು ಕಲ್ಲು ಎತ್ತಿ ಮೇಲಿಟ್ಟಿದ್ದ. ಅವಳ ಶೆಡ್ಡು, ಅವಳ ತಲೆಯ ಮೇಲೆ, ಇಪ್ಪತ್ತೆರಡು ವರ್ಷದಿಂದ ಅವಳ ಕೈಗೆ ಸಿಗದ ಹನ್ನೊಂದು ಕಲ್ಲು.

ಮಧ್ಯಾಹ್ನ ಗಂಡ ಗೊಣಗುತ್ತಾ ಏಣಿ ಹಿಡಿದ. "ಈ ವಯಸ್ಸಲ್ಲಿ ಛಾವಣಿ ಹತ್ತೋ ಹೆಂಡ್ತಿ ಯಾರಿಗಿದ್ದಾಳೆ?" ಎಂದ. "ಯಾರಿಗೂ ಇಲ್ಲ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು ಅವಳು ಹತ್ತಿದಳು. ಹನ್ನೊಂದನ್ನೂ ಇಳಿಸಿದರು. ಮಳೆ ಬಿಸಿಲಿಗೆ ಮೈಯೆಲ್ಲ ಕಪ್ಪಾಗಿತ್ತು, ಪಾಚಿ ಕಟ್ಟಿತ್ತು. ಅವಳ ಕೈ ಬ್ರಷ್ಷಿನ ಕಡೆ ತಾನಾಗಿ ಹೋಯಿತು, ಅವಳೇ ಆ ಕೈಯನ್ನು ಗದರಿ ಹಿಂದೆ ತೆಗೆದುಕೊಂಡಳು. ಒಂದೊಂದನ್ನೇ ಒಡೆದಳು. ಒಂಬತ್ತರಲ್ಲಿ ಏನಿಲ್ಲ. ಹತ್ತನೆಯದು ಎರಡು ಹೋಳಾದಾಗ ಬಿಳಿ ಪೊರೆಯ ನಡುವೆ ಸಾಲಾಗಿ ಕೆಂಪು ಕಾಳು. ದಾಳಿಂಬೆಯ ಕೆಂಪಲ್ಲ, ಇನ್ನೂ ಗಾಢ, ಅಂಚಿನಲ್ಲಿ ಕಂದು. ಹನ್ನೊಂದನೆಯದರ ಒಂದು ಮೂಲೆಯಲ್ಲೂ ನಾಲ್ಕು ಕಾಳಿದ್ದವು.

ಹತ್ತನೆಯ ಕಲ್ಲಿನ ಚಿಕ್ಕ ಹೋಳನ್ನು ಅವಳು ಹುಳಿನೀರಿಗೆ ಇಳಿಸಿದಳು. ಯಾವತ್ತೂ ಇಳಿಸಿ ಹೊರಟುಬಿಡುತ್ತಿದ್ದವಳು ಈ ಸಲ ಗಡಿಯಾರ ನೋಡಿ, ತೊಟ್ಟಿಯ ಪಕ್ಕ ಮೊಣಕಾಲೂರಿ ಕೂತಳು. ಮೊದಲು ಬಿಳಿ ಪೊರೆ ನೊರೆಯಾಯಿತು. ಹತ್ತು ನಿಮಿಷಕ್ಕೆ ಕಾಳುಗಳ ಹೊಳಪು ಹೋಯಿತು. ಇಪ್ಪತ್ತಕ್ಕೆ ಅಂಚು ಮೊಂಡಾದವು. ಮೂವತ್ತೈದಕ್ಕೆ ಕೆಂಪಿದ್ದ ಕಡೆ ಸಣ್ಣ ಗುಳಿಗಳು ಉಳಿದವು, ನಲವತ್ತಕ್ಕೆ ಗುಳಿಗಳೂ ಚೊಕ್ಕಟವಾದವು. ಕಲ್ಲು ಎತ್ತಿ ನೋಡಿದರೆ ಎಷ್ಟು ಚಂದ ತೊಳೆದಿತ್ತೆಂದರೆ, ಅವಳಿಗೆ ತನ್ನ ಕೆಲಸದ ಮೇಲೆ ಮೊದಲ ಬಾರಿಗೆ ಅಸಹ್ಯವಾಯಿತು. ಉಳಿದಿರುವುದೇ ಎರಡು ಕಲ್ಲು, ಅದರಲ್ಲೂ ಒಂದರ ಅರ್ಧ ಕೈಯಾರೆ ಕಳೆದೆನಲ್ಲ ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಗಂಡನ ಸಲಹೆ ಈಗ ಬದಲಾಗಿತ್ತು. "ಇರೋದನ್ನ ಕೊಟ್ಬಿಡು. ಛಾವಣಿ ಮೇಲೆ ಸಿಕ್ತು ಅನ್ನು. ಅವರಿಗೂ ಖುಷಿ, ನಿನಗೂ ಒಳ್ಳೇ ಹೆಸರು. ತೊಳೆದ ಕಥೆ ಯಾಕೆ ತೆಗೀತೀಯ? ನಿನ್ನಿಂದ ಅವರು ಜನರ ಬಾಯಿಗೆ ಬಿದ್ರು ಅಂತ ಗೊತ್ತಾದ್ರೆ ಮುಖ ನೋಡ್ತಾರಾ?"

ಅದು ನಿಜವೇ. ಇಡೀ ಗಣಿಯಲ್ಲಿ ಅವಳನ್ನು ಕೆಲಸ ಬಲ್ಲವಳೆಂದು ಗೌರವದಿಂದ ಕಂಡವರು ಅವರೊಬ್ಬರೇ. ಆ ಗೌರವ ಹೋಗುವುದು ಅವಳಿಗೆ ಸಣ್ಣ ಮಾತಲ್ಲ. ಮಂಗಳವಾರ ಬರುವವರೆಗೆ ಅವಳು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ವಾಲಿದಳು. ಆದರೆ ಒಂದು ಯೋಚನೆ ಮಾತ್ರ ಬೆನ್ನು ಬಿಡಲಿಲ್ಲ. ಕಲ್ಲು ಸಿಕ್ಕಿತು ಎಂದಷ್ಟೇ ಹೇಳಿದರೆ ಪಟ್ಟಿಯವರು ಏನನ್ನುತ್ತಾರೆ? ಮೊದಲು ಬೀರುವಿನಲ್ಲಿ ಬೆರೆತಿತ್ತು, ಈಗ ಛಾವಣಿಯಲ್ಲಿ ಬೆರೆತಿದೆ ಎನ್ನುತ್ತಾರೆ. ಇಷ್ಟು ವರ್ಷ ಯಾಕೆ ಕಾಣಲಿಲ್ಲ ಎಂಬುದಕ್ಕೆ ಉತ್ತರ ಇರುವುದು ತನ್ನೊಬ್ಬಳ ಹತ್ತಿರ. ಅದಿಲ್ಲದೆ ಕಲ್ಲು ಕೊಟ್ಟರೆ ಅವರಿಗೆ ಕೊಟ್ಟದ್ದೇನು?

ಹತ್ತಕ್ಕೆ ಸರಿಯಾಗಿ ಪರೀಕ್ಷಕರು ಬಂದು ಸ್ಟೂಲಿಗಾಗಿ ಕೈಯಾಡಿಸಿದರು. ಉಜ್ಜಕ್ಕ ಸ್ಟೂಲು ಅವರ ಕಡೆ ಸರಿಸಿ, ಹೋಳನ್ನು ಕೈಗಿಟ್ಟಳು.

"ಸಾರ್, ಇದರಲ್ಲಿ ಕೆಂಪು ಕಾಳಿದೆ."

ಅವರು ಹೆಬ್ಬೆರಳಿನಿಂದ ಮೆಲ್ಲಗೆ ಕಲ್ಲಿನ ಮೈ ಸವರಿದರು. ತಮ್ಮ ಹಳೆಯ ಚೀಲದಿಂದ ಇದ್ದಿಲು, ಕೊಳವೆ, ಸ್ಪಿರಿಟ್ ದೀಪ ತೆಗೆದರು. ಪ್ರತಿ ವಾರ ಅವನ್ನು ಹೊತ್ತು ತರುತ್ತಿದ್ದರೆಂದು ಉಜ್ಜಕ್ಕನಿಗೆ ಅವತ್ತು ಗೊತ್ತಾಯಿತು. ಗಾಳಿ ಓಡಾಡುವ ಬಯಲಿನ ಕಡೆಗೆ ಕೂತು, ಅವಳು ಬಿಡಿಸಿಕೊಟ್ಟ ಸಾಸಿವೆಯಷ್ಟು ಚೂರನ್ನು ಇದ್ದಿಲ ಗುಳಿಯಲ್ಲಿಟ್ಟು ಊದಿದರು. ಉರಿ ನೀಲಿಯಾಗಿ ಬಾಗಿತು. ಒಂದು ಕ್ಷಣ ಏನಿಲ್ಲ. ಆಮೇಲೆ ತೆಳ್ಳಗೆ ಬೆಳ್ಳುಳ್ಳಿ ವಾಸನೆ ಬಂತು. ಇಬ್ಬರಿಗೂ ಬಂತು.

ಪರೀಕ್ಷಕರು ಕೊಳವೆ ಕೆಳಗಿಟ್ಟರು. ಪೊರೆ ಬಂದ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ. "ಇತ್ತು. ಇತ್ತು ನೋಡು" ಎಂದರು. ಈಗ ಸುಮ್ಮನಿದ್ದುಬಿಟ್ಟರೆ ಎಷ್ಟು ಚೆನ್ನ ಎಂದು ಉಜ್ಜಕ್ಕನಿಗೆ ಅನಿಸಿತು. ಆದರೂ ಹೇಳಿದಳು.

"ಸಾರ್, ಇಷ್ಟು ದಿನ ಸಿಗದೇ ಇದ್ದಿದ್ದು ನನ್ನಿಂದ. ಇದು ಹುಳಿನೀರಲ್ಲಿ ಕರಗುತ್ತೆ. ಮೂರನೇ ಹಂತದ ಕಲ್ಲೆಲ್ಲ ನನ್ನ ತೊಟ್ಟೀಲೇ ಹೋಗಿದ್ದು. ಒಂದು ಸಲ ತಗಡಿನ ಬಕೆಟ್ಟಲ್ಲಿ ಬೆಳ್ಳುಳ್ಳಿ ವಾಸನೆ ಬಂದಿತ್ತು, ನನಗೆ ತಿಳೀಲಿಲ್ಲ. ಮೊನ್ನೆ ಒಂದು ಹೋಳು ಹಾಕಿ ನೋಡಿದೆ. ಕಣ್ಣೆದುರಿಗೇ ಹೋಯ್ತು. ನಿಮ್ಮನ್ನ ಎಲ್ರೂ ಸುಳ್ಳುಗಾರ ಅಂದ್ರು, ಅದಕ್ಕೆ ಕಾರಣ ನಾನು."

ಪರೀಕ್ಷಕರು ಹೋಳನ್ನು ಕೈಯಲ್ಲಿ ತಿರುಗಿಸಿದರು. ಬೈಯಲಿ, ಎದ್ದು ಹೋಗಲಿ, ಏನಾದರೂ ಆಗಲಿ ಎಂದು ಅವಳು ತಲೆ ತಗ್ಗಿಸಿ ನಿಂತಳು.

"ಎಷ್ಟು ಹೊತ್ತು ಹಿಡೀತು?" ಎಂದರು ಅವರು.

ಅವಳಿಗೆ ಅರ್ಥವಾಗಲಿಲ್ಲ.

"ಕರಗೋಕೆ. ಎಷ್ಟು ನಿಮಿಷ?"

"ನಲವತ್ತು ಸಾರ್. ಗಡಿಯಾರ ಇಟ್ಕೊಂಡು ನೋಡಿದೀನಿ. ಹತ್ತಕ್ಕೆ ಹೊಳಪು ಹೋಯ್ತು, ಇಪ್ಪತ್ತಕ್ಕೆ ಅಂಚು ಮೊಂಡಾಯ್ತು."

"ನೊರೆ ಬಂತಾ?"

"ಬಿಳೀದು ನೊರೆ ಬಂತು. ಕೆಂಪು ಸುಮ್ಮನೆ ಸವೀತಾ ಹೋಯ್ತು, ಸಕ್ಕರೆ ಹಾಗೆ. ನೀರು ಒಂಚೂರು ಗುಲಾಬಿ ಆದ ಹಾಗೆ ಕಾಣ್ತು, ಅದು ಖಂಡಿತ ಹೇಳಲಾರೆ. ಅದು ಕೂತಿದ್ದ ಕಡೆ ಗುಳಿ ಉಳಿಯುತ್ತೆ ಸಾರ್. ಅಂಥ ಗುಳಿ ಮುಂಚೆ ಎಷ್ಟೋ ಕಲ್ಲಲ್ಲಿ ನೋಡಿದೀನಿ."

ಪರೀಕ್ಷಕರು ತಲೆ ಎತ್ತಿದರು. "ಗುಳಿ ನೋಡಿದ್ಯಾ? ಯಾವಾಗ?"

"ಮೊದಮೊದಲ ವರ್ಷಗಳಲ್ಲೆಲ್ಲ ಇರ್ತಿತ್ತು. ಆಮೇಲೆ ಕಡಿಮೆಯಾಯ್ತು. ಮಣ್ಣು ಕೂರುತ್ತೆ ಅಂತ ಅವನ್ನ ಸೂಜಿಯಿಂದ ಬೇರೆ ತೆಗೀತಿದ್ದೆ."

ಅವರು ಎರಡು ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಅವಳಿಗೆ ತಿಳಿಯಲಿಲ್ಲ, ಎರಡೂ ಇದ್ದಿರಬಹುದು. ಕೈ ತೆಗೆದಾಗ ಅವರ ದನಿ ಬೇರೆಯಾಗಿತ್ತು.

"ಆ ಹುಳಿನೀರಿನ ಅಳತೆ ಕೊಟ್ಟೋನು ನಾನು. ತೊಳೀದೆ ನನ್ನ ಮುಂದೆ ತರಬೇಡ ಅಂದೋನೂ ನಾನೇ. ಇಪ್ಪತ್ತೆರಡು ವರ್ಷ, ಉಜ್ಜಕ್ಕ, ಪ್ರತಿ ಮಂಗಳವಾರ ಇಲ್ಲಿ ಕೂತು ಕಲ್ಲನ್ನ ಕೇಳ್ದೆ. ಪಕ್ಕದಲ್ಲೇ ನಿಂತಿದ್ದೆ ನೀನು. ತೊಟ್ಟೀಲಿ ನಿನಗೇನು ಕಂಡಿತು ಅಂತ ಒಂದು ದಿನ ಕೇಳ್ಲಿಲ್ಲ."

ಉಜ್ಜಕ್ಕನಿಗೆ ಅದುವರೆಗೆ ತಡೆದಿದ್ದ ಅಳು ಆಗ ಬಂತು. ತಪ್ಪಿಗಾಗಿ ಬಂದ ಅಳುವಲ್ಲ ಅದು. ಕಲ್ಲು ತೊಳೆಯುವವಳನ್ನು ಕೇಳುವುದು ಏನಿರುತ್ತದೆ ಎಂದು ಅವಳೂ ಇಷ್ಟು ವರ್ಷ ನಂಬಿಕೊಂಡೇ ಬಂದಿದ್ದಳು.

ಪತ್ರ ಬರೆಯುವಾಗ ಇಬ್ಬರಿಗೂ ಜಗಳವಾಯಿತು. ಅವರು ಹೇಳಬೇಕು, ಅವಳು ಬರೆಯಬೇಕು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದರೂ ಅವಳ ಅಕ್ಷರ ಕೂಡ ತೊಳೆದಿಟ್ಟ ಹಾಗಿತ್ತು. ತಪ್ಪು ನನ್ನದೆಂದು ಬರಿ ಎಂದು ಅವರು, ಹಾಗೆ ಬರೆಯಲಾರೆ, ನನ್ನದು ಎಂದು ಅವಳು. ಗಂಡ ನಡುವೆ ಬಂದು, "ಇಬ್ಬರ ತಪ್ಪೂ ಆಮೇಲೆ ನೋಡ್ಕೊಳ್ಳಿ, ಮೂರನೇ ಹಂತ, ಪೂರ್ವದ ಸುರಂಗ ಅಂತ ಮೊದಲು ಬರೀರಿ. ಜಾಗ ಬಿಟ್ಟು ಮಿಕ್ಕಿದ್ದೆಲ್ಲ ಬರೀತಿದ್ದೀರಲ್ಲ" ಎಂದ. ಅದೂ ಸರಿ ಅನಿಸಿ ಬರೆದರು. ಉಳಿದ ಹೋಳನ್ನೂ ನಾಲ್ಕು ಕಾಳಿನ ಕಲ್ಲನ್ನೂ ಹತ್ತಿಯಲ್ಲಿ ಸುತ್ತಿ ಕಳಿಸಿದರು. ಶೆಡ್ಡು ಹೇಳಿದ ದಿನಕ್ಕೆ ಸರಿಯಾಗಿ ಕೆಡವಿದರು. ಉಜ್ಜಕ್ಕ ಕಚೇರಿಯಲ್ಲಿ ಕಪಾಟು ಒರೆಸುವ ಕೆಲಸಕ್ಕೆ ಹೋದಳು. ಪರೀಕ್ಷಕರು ಕಣ್ಣಿನ ಪೊರೆ ತೆಗೆಸಿಕೊಂಡರು.

ಉತ್ತರ ಬರಲು ಏಳು ತಿಂಗಳು ಹಿಡಿಯಿತು. ಅದನ್ನು ಹಿಡಿದುಕೊಂಡು ಅವರು ಕಚೇರಿಗೇ ಬಂದರು. ಜಾಗದ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಿದ್ದಾರೆ ಎಂದು ನಿಂತುಕೊಂಡೇ ಹೇಳಿದರು. ಕ್ಯಾಂಟೀನಿನಲ್ಲಿ ಕಿಚಾಯಿಸುತ್ತಿದ್ದ, ಈಗ ಅಲ್ಲೇ ಮೇಜುಗಳಲ್ಲಿ ಕೂತಿದ್ದವರಿಗೆ ಕೇಳಿಸಲೆಂದು ಉಜ್ಜಕ್ಕ ಬೇಕೆಂದೇ ಗಟ್ಟಿಯಾಗಿ, "ಏನಂದ್ರಿ ಸಾರ್?" ಎಂದು ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಅವರು ಕನ್ನಡಕ ಸರಿಮಾಡಿಕೊಂಡು, ಆ ಖನಿಜದ ಬಗ್ಗೆ ಪಟ್ಟಿಯಲ್ಲಿ ಹೊಸದಾಗಿ ಸೇರಿಸಿದ ಸಾಲುಗಳನ್ನು ಓದಿದರು.

"ತೆಳು ಆಸಿಡ್ಡಿನಲ್ಲಿ ನಲವತ್ತು ನಿಮಿಷದಲ್ಲಿ ಪೂರ್ತಿ ಕರಗುತ್ತದೆ. ತೊಳೆದ ಕಲ್ಲಿನಲ್ಲಿ ಕಾಣುವುದಿಲ್ಲ. ಇದ್ದ ಕಡೆ ಗುಳಿ ಉಳಿಯುತ್ತದೆ. ಎಲ್ಲ ಗಣಿಗಳಲ್ಲೂ ಹಳೆಯ ಕಲ್ಲುಗಳ ಗುಳಿಗಳನ್ನು ಮತ್ತೆ ನೋಡತಕ್ಕದ್ದು."

ಉಜ್ಜಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಕಪಾಟಿನ ಮೇಲಿಟ್ಟಳು.

"ಸಾರ್, ಇದು ನಾನು ಹೇಳಿದ್ದಲ್ವಾ?"

"ನೀನೇ ಹೇಳಿದ್ದು. ಅವರು ಒಂದು ಅಕ್ಷರ ಬದಲಾಯಿಸಿಲ್ಲ."

ಅವಳು ಬೆಂಚು ತೋರಿಸಿ ಅವರನ್ನು ಕೂರಿಸಿ, ತಾನೂ ಎದುರಿಗೆ ಕೂತು, ಮೊದಲಿನಿಂದ ಇನ್ನೊಂದು ಸಲ ನಿಧಾನವಾಗಿ ಓದಿ ಎಂದಳು.